ಶೇಕಡಾ ಹತ್ತರ ಪ್ರಾಮಾಣಿಕತೆ

ಪಿಎಚ್.ಡಿ. ಮಾಡುತ್ತಿರುವವರನ್ನು ‘ಥೀಸಿಸ್ ಎಲ್ಲಿಗೆ ಬಂತು?’ ಎಂದು ಕೇಳಿದರೆ ಈಗ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಬರೆದು ಮುಗಿದಿದೆ ಸರ್, ಪರ್ಸೆಂಟೇಜ್ ಇಳಿಸೋದೊಂದು ಬಾಕಿ.’ ಹೊಸೂರಿನಿಂದ ದಿನಾ ಬೆಂಗಳೂರಿನ ಬಸ್ಸು ಹತ್ತುವ ಸಂಶೋಧನಾ ವಿದ್ಯಾರ್ಥಿ ಹೀಗೆನ್ನುತ್ತಾನೆ. ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿಕೊಂಡಿರುವ ಕೃಷ್ಣಗಿರಿಯ ಉಪನ್ಯಾಸಕಿಯೂ ಹೀಗೆಯೇ ಹೇಳುತ್ತಾರೆ. ಗೈಡ್ ಕೇಳುವುದು ಅದನ್ನೇ, ಕಚೇರಿಯ ಗುಮಾಸ್ತರು ಕೇಳುವುದು ಅದನ್ನೇ, ಪ್ರಬಂಧ ಅಚ್ಚು ಹಾಕುವ ಜರ್ನಲ್ಲಿನವರು ಕೇಳುವುದೂ ಅದನ್ನೇ. ಬೇರೆಯವರ ಬರಹಗಳೊಂದಿಗಿನ ಹೋಲಿಕೆ ಶೇಕಡಾ ಹತ್ತರೊಳಗೆ ಬಂತೋ ಇಲ್ಲವೋ? ಬಂತು ಎಂದರೆ ಬರಹ ಶುದ್ಧ, ಬರೆದವರು ಪ್ರಾಮಾಣಿಕರು. ಬರಲಿಲ್ಲ ಎಂದರೆ ಕಳ್ಳರು.

ಈ ನಂಬಿಕೆ ಪೂರ್ತಿ ತಪ್ಪು ಎಂಬುದು ನನ್ನ ವಾದ. ಬರಿಯ ತಪ್ಪಾಗಿದ್ದರೆ ತಿದ್ದಿಕೊಂಡರೆ ಸಾಕಿತ್ತು. ಇದು ಕಳ್ಳರಿಗೆ ರಹದಾರಿ ಕೊಟ್ಟು, ಬಡ ಊರಿನ ಪ್ರಾಮಾಣಿಕ ವಿದ್ಯಾರ್ಥಿಯ ಕೈಗೆ ಕೋಳ ತೊಡಿಸುತ್ತಿದೆ. ಕನ್ನಡ, ತಮಿಳು, ತೆಲುಗು ಮೂರೂ ಬಳಕೆಯಲ್ಲಿರುವ ನಮ್ಮ ಹೊಸೂರು–ಕೃಷ್ಣಗಿರಿ ಸೀಮೆಯಲ್ಲಿ ನಿಂತು ನೋಡಿದರೆ ಈ ಅನ್ಯಾಯ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ನಿಯಮ ಎಲ್ಲಿಂದ ಬಂತೆಂದು ಮೊದಲು ನೋಡೋಣ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕೃತಿಚೌರ್ಯ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಒಂದು ವಿನಿಯಮ ಹೊರಡಿಸಿತು. ಶೇಕಡಾ 10ರವರೆಗಿನ ಹೋಲಿಕೆ ಅದರ ಪ್ರಕಾರ ಅಲ್ಪ, ಶಿಕ್ಷೆ ಇಲ್ಲ. 10ರಿಂದ 40 ಇದ್ದರೆ ವಿದ್ಯಾರ್ಥಿ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಅಧ್ಯಾಪಕರ ಪ್ರಕಟಣೆಗಳಿಗೂ ಇದೇ ಮೆಟ್ಟಿಲು: ನಡುವಿನ ಹಂತದಲ್ಲಿ ಒಂದು ವಾರ್ಷಿಕ ವೇತನ ಬಡ್ತಿ ಹೋಗುತ್ತದೆ, ಎರಡು ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ, ಮೇಲಿನ ಹಂತದಲ್ಲಿ ಎರಡು ವೇತನ ಬಡ್ತಿ, ಮೂರು ವರ್ಷ. ಉದ್ಧರಣೆ, ಗ್ರಂಥಸೂಚಿ, ಸಾಮಾನ್ಯ ಪಾರಿಭಾಷಿಕ ಪದಗಳು, ಕಾಕತಾಳೀಯವಾಗಿ ಕೂಡಿಬರುವ ಹದಿನಾಲ್ಕು ಪದಗಳವರೆಗಿನ ಸಾಲು, ಇವುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. 2019ರಲ್ಲಿ ‘ಶೋಧಶುದ್ಧಿ’ ಎಂಬ ಹೆಸರಿನಲ್ಲಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಮೂಲಕ ವಿಶ್ವವಿದ್ಯಾಲಯಗಳಿಗೆ ಹೋಲಿಕೆ ಹುಡುಕುವ ತಂತ್ರಾಂಶವೂ ಬಂತು.

ಇದೇ ವಿನಿಯಮ ಕೃತಿಚೌರ್ಯವನ್ನು ಹೇಗೆ ವ್ಯಾಖ್ಯಾನಿಸಿದೆ ನೋಡಿ. ಇನ್ನೊಬ್ಬರ ಕೆಲಸವನ್ನಾಗಲಿ ವಿಚಾರವನ್ನಾಗಲಿ ತೆಗೆದುಕೊಂಡು ತನ್ನದೆಂದು ಸಾರುವುದು ಕೃತಿಚೌರ್ಯ. ವ್ಯಾಖ್ಯಾನ ಸರಿಯಾಗಿಯೇ ಇದೆ, ಕೆಲಸವೂ ಸೇರಿದೆ, ವಿಚಾರವೂ ಸೇರಿದೆ. ಆದರೆ ಶಿಕ್ಷೆಯ ಕೋಷ್ಟಕಕ್ಕೆ ಬರುವ ಹೊತ್ತಿಗೆ ಎರಡೂ ಮಾಯವಾಗಿ ಪದಗಳ ಹೋಲಿಕೆ ಮಾತ್ರ ಉಳಿಯುತ್ತದೆ. ಟರ್ನಿಟಿನ್‌ನಂಥ ತಂತ್ರಾಂಶ ತಯಾರಿಸುವವರೇ ತಾವು ತೋರಿಸುವುದು ಹೋಲಿಕೆಯನ್ನು, ಚೌರ್ಯ ಹೌದೋ ಅಲ್ಲವೋ ಎಂದು ಓದಿದವರು ತೀರ್ಮಾನಿಸಬೇಕು ಎಂದು ಹೇಳುತ್ತಾರೆ. ನಮ್ಮ ವಿಭಾಗಗಳಲ್ಲಿ ಆ ತೀರ್ಮಾನದ ಜಾಗ ಖಾಲಿ ಬಿದ್ದಿದೆ. ವರದಿಯ ಮೊದಲ ಪುಟದ ಅಂಕಿ ನೋಡಿ ಸಹಿ ಬೀಳುತ್ತದೆ. ಒಳಗಿನ ಪುಟಗಳಲ್ಲಿ ಯಾವ ಸಾಲಿಗೆ ಯಾವ ಬಣ್ಣ ಬಿದ್ದಿದೆ, ಅದು ಯಾರ ಸಾಲು, ಯಾಕೆ ಅಲ್ಲಿದೆ ಎಂದು ತಿರುವಿ ನೋಡುವವರು ಕಡಿಮೆ.

ನಮ್ಮ ಶಾಸ್ತ್ರಕಾರರು ಇದನ್ನು ಯೋಚಿಸಿರಲಿಲ್ಲವೇ? ಯೋಚಿಸಿದ್ದರು. ಹತ್ತನೆಯ ಶತಮಾನದ ಆಸುಪಾಸಿನ ರಾಜಶೇಖರ ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದಹರಣ, ಅರ್ಥಹರಣ ಎಂದು ಎರಡನ್ನೂ ಬೇರೆಬೇರೆ ಅಧ್ಯಾಯಗಳಲ್ಲಿ ವಿಚಾರಿಸಿದ. ಯಾವ ಬಗೆಯ ಎತ್ತುವಳಿ ಕ್ಷಮ್ಯ, ಯಾವುದು ಕವಿಗೆ ಅವಮಾನ ಎಂದು ಒಂದೊಂದನ್ನೂ ಹಿಡಿದು ನೋಡಿದ. ಸಾವಿರ ವರ್ಷದ ಹಿಂದಿನ ವಿಮರ್ಶಕನಿಗೆ ಎರಡು ಕಳ್ಳತನ ಕಾಣುತ್ತಿದ್ದವು. ನಮ್ಮ ಸಮಿತಿಗಳಿಗೆ ಒಂದೇ ಕಾಣುತ್ತದೆ, ಅದೂ ಎರಡರಲ್ಲಿ ಚಿಕ್ಕದು.

ದೊಡ್ಡದು ಹೇಗಿರುತ್ತದೆಂದು ನಮ್ಮ ಜಿಲ್ಲೆಯ ವೀರಗಲ್ಲುಗಳ ಮುಂದೆ ನಿಂತು ಯೋಚಿಸಬಹುದು. ಹೊಯ್ಸಳ ರಾಮನಾಥ ಆಳಿದ ಕುಂದಾಣಿ ಇದ್ದದ್ದು ಈ ಸೀಮೆಯಲ್ಲಿಯೇ. ಅಲ್ಲಿನ ಚಿನ್ನಕೊತ್ತೂರಿನ ಸುತ್ತ, ಡೆಂಕಣಿಕೋಟೆಯ ಕಡೆಗೆ, ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ವೀರಗಲ್ಲುಗಳಿವೆ. ಹಲವನ್ನು ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿಟ್ಟಿದ್ದಾರೆ. ಈ ನೆಲದ ಬರಹಗಳಲ್ಲಿ ಕನ್ನಡವೂ ಉಂಟು, ತಮಿಳೂ ಉಂಟು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಪಟ್ಟಿಕೆಗಳ ನಡುವಿನ ಬೆರಳಗಲದ ಜಾಗದಲ್ಲಿ ಅಕ್ಷರ. ಮಳೆ ಬಿಸಿಲಿಗೆ ಸವೆದ ಆ ಅಕ್ಷರವನ್ನು ಓದುವುದು ಸುಲಭವಲ್ಲ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯಬೇಕು. ಬೆಳಗಿನ ಓರೆ ಬಿಸಿಲಿನಲ್ಲಿ ‘ವ’ ಎಂದು ಕಂಡದ್ದು ಮಧ್ಯಾಹ್ನ ‘ಪ’ ಆಗುತ್ತದೆ. ಸಂದೇಹ ಇದ್ದಲ್ಲಿ ಓದಿದವನು ಚೌಕ ಕಂಸ ಹಾಕುತ್ತಾನೆ, ಅಳಿಸಿದಲ್ಲಿ ಚುಕ್ಕಿ ಇಡುತ್ತಾನೆ. ಹಾಗೆ ಓದಿದವರು ಎಷ್ಟೋ ಸಲ ಊರಿನ ಶಾಲಾ ಮೇಷ್ಟ್ರು, ನಿವೃತ್ತ ನೌಕರರು, ಆಸಕ್ತ ಯುವಕರು. ಅವರ ಓದು ಸ್ಥಳೀಯ ಪತ್ರಿಕೆಯಲ್ಲೋ ಸಣ್ಣ ಹೊತ್ತಗೆಯಲ್ಲೋ ಬರುತ್ತದೆ, ಬಹುಪಾಲು ತಮಿಳಿನಲ್ಲಿ.

ಈಗ ಹೀಗೊಂದು ಪ್ರಸಂಗ ಕಲ್ಪಿಸಿಕೊಳ್ಳಿ. ದೂರದೂರಿನ ಒಬ್ಬ ಸಂಶೋಧಕ ಆ ತಮಿಳು ಲೇಖನವನ್ನು ಕನ್ನಡಕ್ಕೆ ತಿರುಗಿಸಿ ತನ್ನ ಪ್ರಬಂಧದ ಮೂರನೆಯ ಅಧ್ಯಾಯ ಮಾಡಿಕೊಂಡ. ಕ್ಷೇತ್ರಕಾರ್ಯ ಮಾಡಿದೆನೆಂದು ಬರೆದ, ಮೊದಲು ಓದಿದವರ ಹೆಸರು ಹಾಕಲಿಲ್ಲ. ತಂತ್ರಾಂಶ ಏನು ತೋರಿಸುತ್ತದೆ? ಸೊನ್ನೆ. ಭಾಷೆ ಬದಲಾಯಿತು, ಪದ ಕೂಡಲಿಲ್ಲ, ಮುಗಿಯಿತು. ಶಾಸನಪಾಠ ಹೇಗೂ ಉದ್ಧರಣೆ, ಅದು ಲೆಕ್ಕಕ್ಕೇ ಬರದು. ನಾಲ್ಕು ಬೇಸಿಗೆ ಹೊಲ ಅಲೆದವನ ದುಡಿಮೆ ಇಡಿಯಾಗಿ ಕೈಬದಲಾಗುತ್ತದೆ, ಪ್ರಮಾಣಪತ್ರದಲ್ಲಿ ಸೊನ್ನೆ ಎಂದಿರುತ್ತದೆ.

ಇದನ್ನು ಹಿಡಿಯಲು ದಾರಿ ಇದೆ. ಅದನ್ನು ಕನ್ನಡ ವಿದ್ವತ್ತಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಮೊದಲು ಓದಿದವರು ಒಂದು ಅಕ್ಷರ ತಪ್ಪಾಗಿ ಓದಿದ್ದರೆ, ಕದ್ದವನ ಪಾಠದಲ್ಲಿಯೂ ಅದೇ ತಪ್ಪು ಅದೇ ಜಾಗದಲ್ಲಿ ಇರುತ್ತದೆ. ಕಲ್ಲು ನೋಡಿದವರಿಬ್ಬರು ಬೇರೆಬೇರೆ ತಪ್ಪು ಮಾಡುತ್ತಾರೆ. ಕಲ್ಲು ನೋಡದವನು ಇನ್ನೊಬ್ಬನ ತಪ್ಪನ್ನೇ ಮಾಡುತ್ತಾನೆ. ಓಲೆಗರಿ ಪ್ರತಿಗಳ ವಂಶವೃಕ್ಷ ಬರೆಯುವಾಗ ಗ್ರಂಥಸಂಪಾದಕರು ಬಳಸುವ ಸೂತ್ರ ಇದೇ. ಡಿ.ಎಲ್. ನರಸಿಂಹಾಚಾರ್ಯರು ಈ ಶಾಸ್ತ್ರಕ್ಕೆಂದೇ ‘ಕನ್ನಡ ಗ್ರಂಥಸಂಪಾದನೆ’ ಎಂಬ ಗ್ರಂಥ ಬರೆದು ಕೊಟ್ಟಿದ್ದಾರೆ. ತಾನು ಒಪ್ಪಿದ ಪಾಠವನ್ನು ಮೇಲೆ ಕೊಟ್ಟು, ಬಿಟ್ಟ ಪಾಠಾಂತರಗಳನ್ನು ಅಡಿಯಲ್ಲಿ ಪ್ರತಿಯ ಹೆಸರಿನೊಂದಿಗೆ ಕೊಡುವ ಶಿಸ್ತು ಈ ಶಾಸ್ತ್ರದ್ದು. ಓದುಗ ಬೇಕಾದರೆ ಸಂಪಾದಕನನ್ನೇ ಒಪ್ಪದಿರಬಹುದು, ಅದಕ್ಕೆ ಬೇಕಾದ ಸಾಮಗ್ರಿಯನ್ನು ಸಂಪಾದಕನೇ ಕೈಗಿಡುತ್ತಾನೆ. ವಿದ್ವತ್ತಿನ ನೀತಿ ಎಂದರೆ ಇದು. ಇದನ್ನು ನೋಡಬೇಕಾದರೆ ಆ ವಿಷಯ ಬಲ್ಲ ಒಬ್ಬ ಮನುಷ್ಯ ಪ್ರಬಂಧವನ್ನು ಕೂತು ಓದಬೇಕು.

ಕನ್ನಡ ಪ್ರಬಂಧಗಳ ವಿಷಯದಲ್ಲಿ ಅಂಕಿಯ ಕುರುಡು ಇನ್ನೂ ಒಂದು ಸುತ್ತು ಹೆಚ್ಚು. ನಮ್ಮ ಎಷ್ಟೋ ಪ್ರಬಂಧಗಳು ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿ ಬೆರಳಚ್ಚಾದವು, ಯುನಿಕೋಡ್ ಅಲ್ಲ. ನಮ್ಮ ಕಣ್ಣಿಗೆ ಕನ್ನಡ, ಗಣಕದ ಕಣ್ಣಿಗೆ ಯುರೋಪಿನ ಅಕ್ಷರಚಿಹ್ನೆಗಳ ಗೋಜಲು. ಎಂಬತ್ತರ ದಶಕದ ಪ್ರಸಾರಾಂಗದ ಪುಸ್ತಕಗಳಲ್ಲಿ ಬಹಳಷ್ಟು ಗಣಕಕ್ಕೆ ಏರಿಯೇ ಇಲ್ಲ. ಇಂಥ ಪುಸ್ತಕದ ಐವತ್ತು ಪುಟ ಎತ್ತಿ ಬರೆದರೂ ವರದಿಯಲ್ಲಿ ಒಂದಂಕಿಯೇ ಬರುತ್ತದೆ. ಆ ಒಂದಂಕಿಯನ್ನು ಪ್ರಬಂಧದ ಕೊನೆಗೆ ಕುಲಸಚಿವರ ಮೊಹರಿನೊಂದಿಗೆ ಲಗತ್ತಿಸುತ್ತೇವೆ. ಆ ಮೊಹರು ಏನನ್ನು ದೃಢೀಕರಿಸುತ್ತಿದೆ ಎಂದು ಯಾವ ಕುಲಸಚಿವರಾದರೂ ಹೇಳಲಿ.

ಪದ ಕದಿಯದೆ ಲೋಕಕ್ಕೆ ಸುಳ್ಳು ಹೇಳುವ ದಾರಿಗಳು ವಿಜ್ಞಾನದಲ್ಲಿ ಇನ್ನೂ ಹೆಚ್ಚು. ಹೊಸೂರಿನಿಂದ ಬಹಳ ದೂರವೇನೂ ಇಲ್ಲದ ಬೆಂಗಳೂರಿನ ಎನ್‌ಸಿಬಿಎಸ್ ದೇಶದ ಶ್ರೇಷ್ಠ ಜೀವವಿಜ್ಞಾನ ಸಂಸ್ಥೆಗಳಲ್ಲಿ ಒಂದು. ಅಲ್ಲಿಂದ 2020ರ ಅಕ್ಟೋಬರ್‌ನಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಒಂದು ಪ್ರಬಂಧ ಬಂತು. ಬ್ಯಾಕ್ಟೀರಿಯಾದ ಆರ್‌ಎನ್‌ಎ ಕಬ್ಬಿಣವನ್ನು ಗುರುತಿಸುವ ಬಗೆ ಅದರ ವಿಷಯ. ಮೆಚ್ಚುಗೆಯೂ ಬಂತು. ಬಳಿಕ ಪಬ್‌ಪಿಯರ್ ಎಂಬ ತಾಣದಲ್ಲಿ ಓದುಗರು ಚಿತ್ರಗಳನ್ನು ಹಿಗ್ಗಿಸಿ ನೋಡಿ ಪ್ರಶ್ನೆ ಎತ್ತಿದರು. ಸಂಸ್ಥೆ ತನಿಖೆ ಮಾಡಿತು, ಚಿತ್ರಗಳನ್ನು ತಿರುಚಿದ್ದು ನಿಜವೆಂದು ಹೇಳಿತು, 2021ರಲ್ಲಿ ಪ್ರಬಂಧ ಹಿಂತೆಗೆಯಲಾಯಿತು. ಅದರ ಪದಗಳನ್ನು ಯಾವ ತಂತ್ರಾಂಶಕ್ಕೆ ಹಾಕಿದ್ದರೂ ಏನೂ ಸಿಗುತ್ತಿರಲಿಲ್ಲ. ಸಿಕ್ಕಿಬಿದ್ದದ್ದು ಯಾರೋ ಕೂತು ನೋಡಿದ್ದರಿಂದ.

ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಪ್ರಕರಣವೂ ಹಾಗೆಯೇ ಹೊರಬಂತು. 2004ರಿಂದ 2007ರ ನಡುವೆ 25 ಜರ್ನಲ್‌ಗಳಲ್ಲಿ ಅವರು ಪ್ರಕಟಿಸಿದ ಸುಮಾರು 70 ಪ್ರಬಂಧಗಳು ಕದ್ದವು ಅಥವಾ ಕಟ್ಟಿದವು ಎಂದು 2008ರ ಹೊತ್ತಿಗೆ ಜಗತ್ತಿಗೆ ಗೊತ್ತಾಯಿತು. ಹಿಡಿದವರು ವಿಷಯ ಬಲ್ಲ ಜರ್ನಲ್ ಸಂಪಾದಕರು. ಒಂದು ಧಾತುವಿನ ಮೇಲೆ ಯಾರೋ ಮಾಡಿದ್ದ ಕೆಲಸವನ್ನೇ ಇನ್ನೊಂದು ಧಾತುವಿನ ಹೆಸರು ಹಾಕಿ ಕೊಟ್ಟರೆ ರಸಾಯನ ಬಲ್ಲವರ ಕಣ್ಣಿಗೆ ಅದು ಕಾಣದೆ ಇರುವುದಿಲ್ಲ.

ಇದಕ್ಕೆ ವಿರುದ್ಧವಾದ ಪ್ರಸಂಗವೂ ಬೆಂಗಳೂರಿನದೇ. ಹಿರಿಯ ವಿಜ್ಞಾನಿ ಸಿ.ಎನ್.ಆರ್. ರಾವ್ ಸಹಲೇಖಕರಾಗಿದ್ದ ಗ್ರಾಫೀನ್ ಕುರಿತ ಒಂದು ಪ್ರಬಂಧ 2011ರಲ್ಲಿ ‘ಅಡ್ವಾನ್ಸ್‌ಡ್ ಮೆಟೀರಿಯಲ್ಸ್’ನಲ್ಲಿ ಬಂದಿತ್ತು. ಅದರ ಪೀಠಿಕೆಯಲ್ಲಿ ಬೇರೆಯವರ ಪ್ರಬಂಧದ ಕೆಲವೇ ವಾಕ್ಯಗಳು ಹಾಗೆಯೇ ಸೇರಿಕೊಂಡಿದ್ದವು. ಪ್ರಯೋಗದ ಫಲಿತಾಂಶ ಅವರದೇ, ಜರ್ನಲ್ ಪ್ರಬಂಧವನ್ನು ಹಿಂತೆಗೆಯಲೂ ಇಲ್ಲ. ಆದರೆ ಲೇಖಕರು ಕ್ಷಮೆ ಕೇಳಿದರು, ಕ್ಷಮಾಪಣೆ ಅದೇ ಪತ್ರಿಕೆಯಲ್ಲಿ ಅಚ್ಚಾಯಿತು. ಇಂದಿನ ಕೋಷ್ಟಕದ ಪ್ರಕಾರ ಅಷ್ಟು ಸಾಲು ತಪ್ಪೇ ಅಲ್ಲ, ಕ್ಷಮೆಯ ಪ್ರಶ್ನೆಯೇ ಏಳುವುದಿಲ್ಲ. ಕ್ಷಮೆ ಕೇಳಿದ್ದು ಸರಿ ಎಂದು ನಾನು ಹೇಳುತ್ತೇನೆ. ಇನ್ನೊಬ್ಬರ ವಾಕ್ಯ ಒಂದೇ ಆದರೂ ಅದು ಅವರದು. ಆಗ ನಡೆದ ಚರ್ಚೆಯಲ್ಲಿ ಬರೆದದ್ದು ವಿದ್ಯಾರ್ಥಿ ಎಂಬ ವಿವರಣೆಯೇ ಮುಂದೆ ನಿಂತದ್ದು ಮಾತ್ರ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಹೆಸರು ಹಾಕಿದವರೆಲ್ಲರೂ ಪ್ರಬಂಧದ ಒಡೆಯರು. ಗೌರವದ ಪಾಲು ತೆಗೆದುಕೊಳ್ಳುವಾಗ ಎಷ್ಟು ಒಡೆತನವೋ ತಪ್ಪಿಗೂ ಅಷ್ಟೇ.

ಪುರಾತತ್ವಕ್ಕೂ ಇದೇ ಮಾತು ಅನ್ವಯಿಸುತ್ತದೆ. ನಮ್ಮ ಜಿಲ್ಲೆಯ ಮಯಿಲಾಡುಂಪಾರೈ ಹೆಸರು 2022ರ ಮೇ 9ರಂದು ನಾಡಿನಾಚೆಗೂ ಕೇಳಿಸಿತು. ಅಲ್ಲಿನ ಉತ್ಖನನದಲ್ಲಿ ದೊರೆತ ಮಾದರಿಗಳ ಕಾಲ ಕ್ರಿ.ಪೂ. 2172ಕ್ಕೆ ಹೋಗುತ್ತದೆ, ತಮಿಳುನಾಡಿನಲ್ಲಿ 4200 ವರ್ಷಗಳ ಹಿಂದೆಯೇ ಕಬ್ಬಿಣವಿತ್ತು ಎಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ವಿಧಾನಸಭೆಯಲ್ಲಿ ಪ್ರಕಟಿಸಿದರು. ಪುರಾತತ್ವ ಇಲಾಖೆಯ ವರದಿಯಲ್ಲಿ ಮಾದರಿ ಸಿಕ್ಕ ಆಳ ಇದೆ: 104 ಮತ್ತು 130 ಸೆಂಟಿಮೀಟರ್. ಎರಡು ಕಾಲಗಳಿವೆ: ಕ್ರಿ.ಪೂ. 1615 ಮತ್ತು 2172. ಪರೀಕ್ಷಿಸಿದ ಅಮೆರಿಕದ ಪ್ರಯೋಗಾಲಯದ ಹೆಸರಿದೆ. ಈ ವಿವರಗಳಿರುವುದರಿಂದಲೇ ಕೇಳಬೇಕಾದ ಪ್ರಶ್ನೆಗಳನ್ನು ಕೇಳಲು ಬರುತ್ತದೆ. ಕಾಲ ಗೊತ್ತಾದ ಇದ್ದಿಲು ಮತ್ತು ಕಬ್ಬಿಣದ ತುಣುಕು ನಿಜಕ್ಕೂ ಒಂದೇ ಪದರದವೇ? ಇಲಿ ಬಿಲ ತೋಡಿ, ಬೇರು ಇಳಿದು ಮೇಲಿನದು ಕೆಳಗೆ ಬಂದಿಲ್ಲವಷ್ಟೇ? ಹತ್ತಿರದ ಇನ್ನೊಂದು ನೆಲೆಯಲ್ಲಿ ಇಂಥದೇ ಕಾಲ ಸಿಗುತ್ತದೆಯೇ? ಪುರಾತತ್ವದಲ್ಲಿ ಪ್ರಾಮಾಣಿಕತೆಯ ಪರೀಕ್ಷೆ ನಡೆಯುವುದು ಈ ಪ್ರಶ್ನೆಗಳ ಮುಂದೆ. ಕಾಲನಿರ್ಣಯದ ವಿಧಾನವನ್ನು ವಿವರಿಸುವ ಪ್ಯಾರಾ ಪ್ರಪಂಚದ ಎಲ್ಲ ವರದಿಗಳಲ್ಲಿಯೂ ಒಂದೇ ತೆರನಾಗಿರುತ್ತದೆ, ತಂತ್ರಾಂಶ ಅದನ್ನು ಕೆಂಪು ಮಾಡಿ ತೋರಿಸುತ್ತದೆ. ಪದರ ಯಾವುದು ಎಂಬುದರ ಬಗ್ಗೆ ಅದಕ್ಕೆ ಹೇಳಲು ಏನೂ ಇಲ್ಲ.

ಈ ಕೆಂಪು ಯಾರ ಮೇಲೆ ಬೀಳುತ್ತದೆ ಎಂಬುದೇ ನನಗೆ ಎಲ್ಲಕ್ಕಿಂತ ನೋವಿನ ವಿಷಯ. ನಮ್ಮ ಸೀಮೆಯ ತಳಿ ಊರಿನ ಕಡೆಯ ಹಳ್ಳಿಯಿಂದ ಬಂದ ಒಬ್ಬ ಹುಡುಗಿಯನ್ನು ನೆನೆಯಿರಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು. ಇಂಗ್ಲಿಷ್ ಅವಳಿಗೆ ನಾಲ್ಕನೆಯ ಭಾಷೆ, ಪ್ರಬಂಧ ಬರೆಯಬೇಕಾದದ್ದು ಅದರಲ್ಲಿಯೇ. ನೂರಾರು ಮಾದರಿಗಳನ್ನು ತಾನೇ ಸಂಗ್ರಹಿಸಿ, ತಾನೇ ಪರೀಕ್ಷಿಸಿ, ಅಂಕಿಅಂಶ ತಾನೇ ಬರೆದಿಟ್ಟಿದ್ದಾಳೆ. ವಿಧಾನದ ಭಾಗ ಬರೆಯುವಾಗ ವಾಕ್ಯ ಕಟ್ಟಲು ಧೈರ್ಯ ಸಾಲದೆ, ಮೂಲದ ಹೆಸರು ಹಾಕಿಯೇ, ಒಂದು ಹಳೆಯ ಪ್ರಬಂಧದ ವಾಕ್ಯಗಳನ್ನು ಆಧಾರವಾಗಿ ಹಿಡಿದಳು. ಶೇಕಡಾ 23 ಬಂತು, ಆರು ತಿಂಗಳು ಹೋಯಿತು. ಅಂಕಿಅಂಶವನ್ನೇ ಕಟ್ಟಿದ, ಆದರೆ ಚೆನ್ನಾಗಿ ಇಂಗ್ಲಿಷ್ ಬರೆಯಬಲ್ಲ ಇನ್ನೊಬ್ಬನಿಗೆ ಶೇಕಡಾ 4 ಬಂದು ವೈವಾಕ್ಕೆ ತಾರೀಖು ಸಿಕ್ಕಿತು. ಅವಳಿಗೆ ಯಾರೂ ವಾಕ್ಯ ಕಟ್ಟುವುದನ್ನು ಕಲಿಸಲಿಲ್ಲ, ಅವನ ಅಂಕಿಅಂಶವನ್ನು ಯಾರೂ ಕೇಳಲಿಲ್ಲ. ಎರಡೂ ಗೈಡಿನ ಕೆಲಸವಾಗಿತ್ತು.

ಬದಲಿಗೆ ಅವಳಿಗೆ ಸಿಗುವ ಸಲಹೆ ‘ಇಳಿಸು’ ಎಂಬುದು. ಇಳಿಸಿಕೊಡುವ ಅಂಗಡಿಗಳಿವೆ, ಪುಟಕ್ಕಿಷ್ಟು ಎಂದು ದರ ಇದೆ, ತಂತ್ರಾಂಶವೂ ಇದೆ. ಅದು ಪದ ತೆಗೆದು ಪರ್ಯಾಯ ಪದ ಹಾಕುತ್ತದೆ. 2021ರಲ್ಲಿ ಗಿಯೋಮ್ ಕಬಾನಾಕ್, ಸಿರಿಲ್ ಲಬ್ಬೆ, ಅಲೆಕ್ಸಾಂಡರ್ ಮಗಜಿನೋವ್ ಎಂಬ ಮೂವರು ಸಂಶೋಧಕರು ಹೀಗೆ ಹುಟ್ಟಿದ ವಿಕಾರಗಳನ್ನು ಪ್ರಕಟಿತ ಜರ್ನಲ್‌ಗಳಿಂದಲೇ ಹೆಕ್ಕಿ ತೋರಿಸಿದರು. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಎಂಬುದು ‘ಕೌಂಟರ್‌ಫೀಟ್ ಕಾನ್ಶಿಯಸ್‌ನೆಸ್’ ಆಗಿತ್ತು, ಬಿಗ್ ಡೇಟಾ ‘ಕೊಲಾಸಲ್ ಇನ್‌ಫರ್ಮೇಶನ್’ ಆಗಿತ್ತು. ಕದ್ದ ದನದ ಕಿವಿ ಮೇಲಿನ ಗುರುತು ಅಳಿಸಿ ಸಂತೆಗೆ ಹೊಡೆದುಕೊಂಡು ಬಂದ ಹಾಗೆ. ಹತ್ತು ಎಂಬ ಗೆರೆ ಎಳೆದದ್ದು ಈ ದಂಧೆಗೆ ಗಿರಾಕಿಗಳನ್ನು ಕಳಿಸಿತು. ಈಗ ಚಾಟ್‌ಜಿಪಿಟಿಯಂಥವು ಬಂದಮೇಲೆ ದುಡ್ಡೂ ಬೇಡ, ಶ್ರಮವೂ ಬೇಡ. ಎಲ್ಲಿಯೂ ಇಲ್ಲದ ವಾಕ್ಯ ಬೇಕಾದಷ್ಟು ಸಿಗುತ್ತದೆ, ಹೋಲಿಕೆ ಸೊನ್ನೆಯ ಹತ್ತಿರ. ಅದಕ್ಕೆ ಉತ್ತರವಾಗಿ ‘ಎಐ ಶೇಕಡಾವಾರು’ ಎಂಬ ಇನ್ನೊಂದು ಅಂಕಿಯನ್ನು ಕೇಳಲು ತೊಡಗಿದ್ದೇವೆ. ಅದೇ ತಪ್ಪು, ಎರಡನೆಯ ಸಲ.

ಅಂಕಿಯನ್ನು ಸಮರ್ಥಿಸುವವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಮೊದಲು ಯಾವ ಅಳತೆಯೂ ಇರಲಿಲ್ಲ, ಗೈಡಿನ ಕೃಪೆ ಇದ್ದವನ ಕಳ್ಳತನ ಮುಚ್ಚಿಹೋಗುತ್ತಿತ್ತು, ಕೃಪೆ ಇಲ್ಲದವನು ಸುಮ್ಮನೆ ಸಿಕ್ಕಿಬೀಳುತ್ತಿದ್ದ. ಯಂತ್ರಕ್ಕೆ ಜಾತಿಯೂ ಇಲ್ಲ, ದಾಕ್ಷಿಣ್ಯವೂ ಇಲ್ಲ ಎನ್ನುತ್ತಾರೆ. ಪಕ್ಷಪಾತದ ಬಗ್ಗೆ ಅವರು ಹೇಳುವುದು ನಿಜ, ನಾನದನ್ನು ಅಲ್ಲಗಳೆಯಲಾರೆ. ಹಸಿಯಾಗಿ ಪುಟಗಟ್ಟಲೆ ಎತ್ತಿ ಹಾಕುವವರನ್ನು ಯಂತ್ರ ಹಿಡಿದುಕೊಡುತ್ತದೆ, ಅಷ್ಟರ ಮಟ್ಟಿಗೆ ಅದು ಬೇಕು. ಆದರೆ ಪಕ್ಷಪಾತಕ್ಕೆ ಮದ್ದು ತೀರ್ಪನ್ನು ಬಹಿರಂಗವಾಗಿ, ಕಾರಣ ಸಹಿತ, ಹೊರಗಿನವರ ಮುಂದೆ ಕೊಡುವುದು. ತೀರ್ಪು ಕೊಡುವ ಕೆಲಸವನ್ನೇ ಬಿಟ್ಟುಬಿಟ್ಟರೆ ಪಕ್ಷಪಾತ ಹೋಗುವುದಿಲ್ಲ, ಅದು ಅಂಕಿಯ ಹಿಂದೆ ಅಡಗಿ ಕೂರುತ್ತದೆ. ಯಾವ ಭಾಗವನ್ನು ಹೊರಗಿಟ್ಟು ಯಂತ್ರ ಓಡಿಸಬೇಕು, ಯಾವ ಮೂಲಗಳನ್ನು ಬಿಡಬೇಕು ಎಂದು ಗುಂಡಿ ಒತ್ತುವವರು ಮನುಷ್ಯರೇ. ಅದೇ ಪ್ರಬಂಧಕ್ಕೆ ಒಂದು ಆಯ್ಕೆಯಲ್ಲಿ 28, ಇನ್ನೊಂದರಲ್ಲಿ 9 ಬರಬಹುದು.

ಅಂಕಿಯ ಬಲದಿಂದ ಹೊಟ್ಟೆ ಹೊರೆಯುವ ಇನ್ನೊಂದು ವರ್ಗವಿದೆ, ಹಣ ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ಜರ್ನಲ್‌ಗಳು. ‘ಸೈನ್ಸ್’ ಪತ್ರಿಕೆಯ ಪರವಾಗಿ ಜಾನ್ ಬೊಹಾನನ್ 2013ರಲ್ಲಿ ಬೇಕೆಂದೇ ದೋಷ ತುಂಬಿದ ಒಂದು ಹುಸಿ ಪ್ರಬಂಧವನ್ನು 304 ಜರ್ನಲ್‌ಗಳಿಗೆ ಕಳಿಸಿದರು. 157 ಅದನ್ನು ಒಪ್ಪಿಕೊಂಡವು. ಅವುಗಳಲ್ಲಿ 64 ಭಾರತದವು. ತಿರಸ್ಕರಿಸಿದ ಭಾರತೀಯ ಜರ್ನಲ್‌ಗಳು 15 ಮಾತ್ರ. ಯುಜಿಸಿ ತಾನು ಒಪ್ಪುವ ಜರ್ನಲ್‌ಗಳ ಪಟ್ಟಿ ಮಾಡಿತು. ವಿಶ್ವವಿದ್ಯಾಲಯಗಳು ಆ ಪಟ್ಟಿಗೆ ಶಿಫಾರಸು ಮಾಡಿದ್ದವುಗಳ ಮಾದರಿ ತೆಗೆದು ಪರಿಶೀಲಿಸಿದ ಪುಣೆಯ ಸಂಶೋಧಕರು ಶೇಕಡಾ 88 ಕಳಪೆಯವೆಂದು 2018ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು. ಸಾವಿರಾರು ಜರ್ನಲ್‌ಗಳನ್ನು ಕಿತ್ತುಹಾಕಿ, 2019ರಲ್ಲಿ ‘ಕೇರ್’ ಪಟ್ಟಿ ತಂದು, 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟು, ಆಯ್ಕೆಯನ್ನು ಸಂಸ್ಥೆಗಳಿಗೇ ಒಪ್ಪಿಸಿದ್ದಾಯಿತು. ಹಣಕ್ಕೆ ಅಚ್ಚು ಹಾಕುವ ಈ ಜರ್ನಲ್‌ಗಳು ಲೇಖಕರಿಗೆ ಕೊಡುವ ಸೂಚನೆಯಲ್ಲಿ ಎದ್ದು ಕಾಣುವ ಷರತ್ತು ಯಾವುದು? ಹೋಲಿಕೆ ಹತ್ತರ ಅಥವಾ ಹದಿನೈದರ ಒಳಗಿರಬೇಕು. ಅದೊಂದು ಪ್ರಮಾಣಪತ್ರ ಇದ್ದರೆ ಒಳಗಿನ ಹೂರಣ ಏನಾದರೂ ಇರಲಿ. ನೀತಿಯ ಹೆಸರಿನ ಅಂಕಿ ನೀತಿಗೆಟ್ಟ ವ್ಯಾಪಾರದ ಬೋರ್ಡಾಗಿ ಕೂತಿದೆ.

ತಪ್ಪು ಸಿಕ್ಕಿದ ಮೇಲಿನ ಕಥೆಗೆ ಬರೋಣ. 2018ರ ವಿನಿಯಮದ ಪ್ರಕಾರ ದೂರು ಮೊದಲು ಹೋಗುವುದು ವಿಭಾಗದ ಸಮಿತಿಗೆ, ಅದರ ಅಧ್ಯಕ್ಷರು ವಿಭಾಗದ ಮುಖ್ಯಸ್ಥರು. 45 ದಿನದಲ್ಲಿ ವರದಿ ಕೊಡಬೇಕು. ಮೇಲಿನದು ಸಂಸ್ಥೆಯ ಸಮಿತಿ, ಅದರಲ್ಲಿ ಹೊರಗಿನವರು ಒಬ್ಬರು. ಹತ್ತಿಪ್ಪತ್ತು ವರ್ಷ ಪಕ್ಕದ ಕೋಣೆಯಲ್ಲಿ ಕೂತವರು, ಬಡ್ತಿಗೂ ಪರೀಕ್ಷಾ ಕೆಲಸಕ್ಕೂ ಒಬ್ಬರನ್ನೊಬ್ಬರು ನೆಚ್ಚಿದವರು, ಪರಸ್ಪರರ ಕಳ್ಳತನ ವಿಚಾರಿಸುತ್ತಾರೆ. ವರದಿ ಕಡತ ಸೇರುತ್ತದೆ, ಹೊರಗೆ ಬರುವುದೇ ಇಲ್ಲ. ಡೆನ್ಮಾರ್ಕ್ 1992ರಿಂದ ಇದಕ್ಕೆ ರಾಷ್ಟ್ರಮಟ್ಟದ ವ್ಯವಸ್ಥೆ ಇಟ್ಟುಕೊಂಡಿದೆ, ಸ್ವೀಡನ್ 2020ರಲ್ಲಿ ಸಂಸ್ಥೆಗಳಿಂದ ತನಿಖೆ ಕಿತ್ತು ಸ್ವತಂತ್ರ ಮಂಡಳಿಗೆ ಕೊಟ್ಟಿತು. ನಮ್ಮಲ್ಲಿ 1986ರಲ್ಲಿ ದೆಹಲಿಯಲ್ಲಿ ವಿಜ್ಞಾನಿಗಳೇ ಸೇರಿ ‘ಸೊಸೈಟಿ ಫಾರ್ ಸೈಂಟಿಫಿಕ್ ವ್ಯಾಲ್ಯೂಸ್’ ಕಟ್ಟಿದರು. ಎಷ್ಟೋ ಪ್ರಕರಣ ಬಯಲಿಗೆಳೆದರು, ಆದರೆ ಕಾನೂನಿನ ಅಧಿಕಾರ ಅವರಿಗೆ ಯಾರೂ ಕೊಡಲಿಲ್ಲ.

ಹಿಂತೆಗೆತದ ಬಗ್ಗೆ ನಮ್ಮಲ್ಲಿರುವ ಭಾವನೆಯೂ ವಕ್ರವಾಗಿದೆ. ಪ್ರಬಂಧ ಹಿಂತೆಗೆದರೆ ಮಾನ ಹೋಯಿತು ಎನ್ನುತ್ತೇವೆ. ಪ್ರಕಟಣಾ ನೀತಿಗೆಂದು 1997ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ‘ಕೋಪ್’ ಸಂಸ್ಥೆಯ ಮಾರ್ಗಸೂಚಿ ಬೇರೆಯದನ್ನೇ ಹೇಳುತ್ತದೆ: ಹಿಂತೆಗೆತದ ಉದ್ದೇಶ ದಾಖಲೆಯನ್ನು ಸರಿಪಡಿಸುವುದು, ಲೇಖಕರನ್ನು ಶಿಕ್ಷಿಸುವುದಲ್ಲ. ತನ್ನ ಲೆಕ್ಕದಲ್ಲಿ ದೋಷ ಕಂಡು ತಾನೇ ಹಿಂತೆಗೆದವನೂ ಇದ್ದಾನೆ, ಸಿಕ್ಕಿಬಿದ್ದು ಹಿಂತೆಗೆಸಿಕೊಂಡವನೂ ಇದ್ದಾನೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 2025ರಿಂದ ಉನ್ನತ ಶಿಕ್ಷಣ ಸಂಸ್ಥೆಗಳ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಹಿಂತೆಗೆದ ಪ್ರಬಂಧಗಳಿಗೆ ಅಂಕ ಕಳೆಯುತ್ತಿದ್ದಾರೆ. ವಂಚನೆ ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಕಾರಣ ನೋಡದೆ ಎಣಿಕೆಯ ಮೇಲೆ ಅಂಕ ಕಳೆದರೆ, ಸಂಸ್ಥೆಗಳು ತಪ್ಪನ್ನು ಒಪ್ಪುವ ಬದಲು ಮುಚ್ಚಿಡಲು ಕಲಿಯುತ್ತವೆ. ಮತ್ತೆ ಓದುವುದನ್ನು ಬಿಟ್ಟು ಎಣಿಸುವುದನ್ನು ಹಿಡಿದೆವು.

ಹಾಗಾದರೆ ಏನು ಮಾಡಬೇಕೆಂದು ಕೇಳಿದರೆ, ದೊಡ್ಡ ಯಂತ್ರವಾಗಲಿ ಅನುದಾನವಾಗಲಿ ಬೇಡದ ಕೆಲಸಗಳೇ ಮೊದಲು ಇವೆ. ಕಚ್ಚಾ ಸಾಮಗ್ರಿ, ಅಂದರೆ ಪಡಿಯಚ್ಚು, ಕ್ಷೇತ್ರದ ನೋಟ್‌ಬುಕ್, ಧ್ವನಿಮುದ್ರಣ, ಪ್ರಯೋಗದ ದಿನಚರಿ, ಇವು ಪ್ರಬಂಧದ ಜೊತೆ ಗ್ರಂಥಾಲಯಕ್ಕೆ ಬರಬೇಕು. ಗಡಿ ಸೀಮೆಯ ವಿಷಯವಾದರೆ ಕನ್ನಡವನ್ನೂ ತಮಿಳನ್ನೂ ಬಲ್ಲ ಒಬ್ಬರಾದರೂ ಪರೀಕ್ಷಕರಾಗಿರಬೇಕು. ವೈವಾದಲ್ಲಿ ಮೊದಲ ಪ್ರಶ್ನೆ ‘ಇದನ್ನು ನಿಮಗಿಂತ ಮೊದಲು ಯಾರು ನೋಡಿದ್ದರು?’ ಎಂದಿರಲಿ. ಗೈಡ್ ತಾನು ಓದಿದ್ದೇನೆ ಎಂದು ಸಹಿ ಹಾಕಲಿ, ಮುಂದೆ ಕಳ್ಳತನ ಸಾಬೀತಾದರೆ ಶಿಕ್ಷೆಯಲ್ಲಿ ಪಾಲು ಆತನಿಗೂ ಇರಲಿ. 2022ರ ನವೆಂಬರ್‌ನಲ್ಲಿ ಯುಜಿಸಿ ಪಿಎಚ್.ಡಿ.ಗೆ ಮೊದಲು ಪ್ರಬಂಧ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿದ್ದು ಸರಿಯಾದ ಹೆಜ್ಜೆ. ಎಷ್ಟೋ ವಿಭಾಗಗಳು ಅದನ್ನು ಬಾಯಿಮಾತಿನಲ್ಲಿ ಈಗಲೂ ಕೇಳುತ್ತಿವೆ, ಅದು ನಿಲ್ಲಬೇಕು.

ಬೆಂಗಳೂರು, ಸೇಲಂ, ಮೈಸೂರು, ಹಂಪಿಯ ಕುಲಪತಿಗಳಲ್ಲಿ ನಾನು ಕೇಳುವುದು ಒಂದನ್ನೇ. ನಿಮ್ಮ ಸಮಿತಿಗಳು 2018ರಿಂದ ಈಚೆಗೆ ವಿಚಾರಿಸಿದ ಪ್ರಕರಣಗಳೆಷ್ಟು, ಯಾವುದರಲ್ಲಿ ಏನು ತೀರ್ಮಾನವಾಯಿತು, ಯಾವ ಕಾರಣಕ್ಕೆ, ಇದನ್ನು ವಿದ್ಯಾರ್ಥಿಗಳ ಹೆಸರು ಬಿಟ್ಟು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಪ್ರಕಟಿಸಿ. ಅದಕ್ಕೆ ಯುಜಿಸಿಯ ಅಪ್ಪಣೆ ಬೇಕಾಗಿಲ್ಲ, ಈ ತಿಂಗಳೇ ಮಾಡಬಹುದು.